ಚೆಲುವಯ್ಯನ ಕಾಡು

"ನಿಲ್ಲಿಸಿ! ಕತ್ತರಿಸಬೇಡಿ... ದಯವಿಟ್ಟು ಕತ್ತರಿಸಬೇಡಿ!"

ಚನ್ನಪಟ್ಟಣದ ಹಳೇ ಪೇಟೆಯ ಆ ಗಲ್ಲಿಯಲ್ಲಿ ಅಷ್ಟು ಜೋರಾಗಿ ಕೂಗಿದ್ದು ತಾನೇನಾ ಎಂದು ರಾಧಾಮಣಿಗೇ ನಂಬಿಕೆಯಾಗಲಿಲ್ಲ. ಎದುರು ಅಂಗಡಿಯಲ್ಲಿ ಬುಗುರಿಗೆ ಬಣ್ಣ ಹಚ್ಚುತ್ತಿದ್ದವರು ಕೆಲಸ ಬಿಟ್ಟು ಇಣುಕಿದರು.

ಶೆಡ್ಡಿನ ಮುಂದೆ ದೊಡ್ಡದೊಂದು ಬಟ್ಟೆ ಹರಡಿ, ಅದರ ಮೇಲೆ ಮಂಡಿಯೂರಿ ಕೂತಿದ್ದ ಯುವಕ ತಲೆಯೆತ್ತಿ ನೋಡಿದ. ಕೈಯಲ್ಲಿ ಕತ್ತರಿ.

"ಯಾರ್ ಮೇಡಂ ನೀವು?"

"ಅದು... ಆ ಕಾಡು. ಅದನ್ನ ಕತ್ತರಿಸಬೇಡಿ."

"ಕಾಡಾ?" ಅವನು ತನ್ನ ಮಂಡಿಯ ಕೆಳಗೆ ನೋಡಿಕೊಂಡ. "ಇದು ಹಳೇ ಡ್ರಾಮಾ ಸೀನರಿ ಮೇಡಂ. ಬಣ್ಣ ಉದುರ್ತಾ ಐತೆ. ಪರಿಚಯದೋರೊಬ್ರು ರೇಷ್ಮೆ ಹುಳದ ಮನೆ ಕಿಟಕಿಗೆ ಕಟ್ಟೋಕೆ ಕೇಳವ್ರೆ. ಸುಮ್ನೆ ಧೂಳು ತಿನ್ಕೊಂಡು ಬಿದ್ದಿರೋದಕ್ಕಿಂತ ವಾಸಿ ಅಲ್ವಾ?"

ರಾಧಾಮಣಿ ಚಪ್ಪಲಿ ಬಿಟ್ಟಳು. ಮೆಲ್ಲಗೆ ಬಂದು ಆ ಬಟ್ಟೆಯ ಅಂಚಿನಲ್ಲಿ ಕೂತೇ ಬಿಟ್ಟಳು!

ದೊಡ್ಡ ದೊಡ್ಡ ಮರಗಳು. ಮರಗಳ ನಡುವೆ ಒಂದು ಕೊಳ. ಹಿಂದೆ, ಬಿಸಿಲು ಕುಡಿದು ಕೆಂಪಗಾದ ಗುಂಡು ಬಂಡೆಗಳು. ನೀರು ಕುಡಿಯಲು ಬಗ್ಗಿದ ಜಿಂಕೆ, ಯಾರೋ ಕರೆದರೇನೋ ಎಂಬಂತೆ ಕತ್ತು ತಿರುಗಿಸಿ ನೋಡುತ್ತಿತ್ತು.

ಅದೇ... ಅದೇ ಜಿಂಕೆ!

ಅವಳ ಕಣ್ಣು ತುಂಬಿ ಬಂತು. ಯುವಕ ಗಾಬರಿಯಾಗಿ ಕತ್ತರಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಅಯ್ಯೋ, ಅಳ್ಬೇಡಿ ಮೇಡಂ! ಕತ್ತರ್ಸಲ್ಲ, ಆಯ್ತಾ? ನೋಡಿ, ಕತ್ರಿ ಹಿಂದಿಟ್ಟೆ."

*

ರಾಧಾಮಣಿ ಸಾತನೂರಿನ ಹುಡುಗಿ. ಅಪ್ಪ ಅವ್ವ ರೇಷ್ಮೆ ಹುಳ ಸಾಕುವವರು. ಮೈಸೂರಿನಲ್ಲಿ ಚಿತ್ರಕಲೆ ಓದಿ, ಈಗ ರಾಮನಗರದ ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಒಬ್ಬಳೇ ಒಂದು ಪುಟ್ಟ ಬಾಡಿಗೆ ಮನೆಯಲ್ಲಿದ್ದು, ಶಾಲೆ ಮುಗಿದ ಮೇಲೆ ಚಿತ್ರ ಬರೆಯುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ತನ್ನ ಚಿತ್ರಗಳನ್ನು ಬೆಂಗಳೂರಿಗೆ ಒಯ್ದು ಒಬ್ಬ ಹಿರಿಯ ಕಲಾವಿದೆಗೆ ತೋರಿಸಿದ್ದಳು. ಆಕೆ ಒಂದೊಂದನ್ನೂ ನಿಧಾನವಾಗಿ ನೋಡಿ, ಕೊನೆಗೆ ಕನ್ನಡಕ ತೆಗೆದು ಹೇಳಿದ್ದರು.

"ಕೈ ಚೆನ್ನಾಗಿದೆಯಮ್ಮ. ಆದರೆ ಇವೆಲ್ಲ ಎಲ್ಲೋ ನೋಡಿದ ಹಾಗಿವೆ. ಇದು ಆ ದೇಶದ್ದು, ಅದು ಮೊಬೈಲಿನದ್ದು... ಇದರಲ್ಲೆಲ್ಲ ನೀನೆಲ್ಲಿದ್ದೀಯ?"

ಬೈದಿದ್ದರೆ ಮರೆತುಬಿಡಬಹುದಿತ್ತು. ಆಕೆ ಬೈದಿರಲಿಲ್ಲ, ಪ್ರೀತಿಯಿಂದ ಕೇಳಿದ್ದರು. ಅದಕ್ಕೇ ಆ ಮಾತು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತು.

'ನಾನು ಎಲ್ಲಿದ್ದೀನಿ? ನನಗೆ ಬರೀಬೇಕು ಅಂತ ಮೊದಲು ಅನಿಸಿದ್ದು ಯಾವಾಗ? ಯಾರನ್ನ ನೋಡಿ?'

ಎಷ್ಟೋ ದಿನ ಯೋಚಿಸಿದ ಮೇಲೆ ನೆನಪಾಗಿದ್ದು ಒಂದು ಪರದೆ.

ಆಗವಳು ಇನ್ನೂ ಚಿಕ್ಕ ಹುಡುಗಿ. ಸಾತನೂರಿನಲ್ಲಿ ನಾಟಕವಿತ್ತು. ರಾಜ, ಮಂತ್ರಿ, ಹಾರ್ಮೋನಿಯಂ, ಸಿಳ್ಳೆ... ಅವಳಿಗೆ ಅದ್ಯಾವುದೂ ಕಾಣಿಸಿರಲಿಲ್ಲ. ಕಾಡಿನ ಸೀನಿಗೆ ಪರದೆ ಇಳಿದಾಗ ಅವಳು ಅವ್ವನ ಮಡಿಲಿಂದ ಎದ್ದು, ಸ್ಟೇಜಿನ ಪಕ್ಕದಿಂದ ನುಸುಳಿ, ನೇರ ಆ ಕೊಳದ ಹತ್ತಿರ ಹೋಗಿದ್ದಳು. ನೀರು ಎಷ್ಟು ತಣ್ಣಗಿದೆ ನೋಡೋಣ ಎಂದು ಕೈ ಚಾಚಿದ್ದಳು! ಇಡೀ ಸಭೆ ಗೊಳ್ಳೆಂದು ನಕ್ಕಿತ್ತು. ಕೈಗೆ ಅಂಟಿದ್ದು ನೀರಲ್ಲ, ನೀಲಿ ಪುಡಿ. ಅದನ್ನು ತೊಳೆಯಲು ಬಿಡದೆ ಹಾಗೇ ಮಲಗಿದ್ದಳಂತೆ. ಅವ್ವ ಈಗಲೂ ಹೇಳಿಕೊಂಡು ನಗುತ್ತಿದ್ದಳು.

ಆ ಪರದೆ ಯಾರದು? ಸಾತನೂರಿನ ಹಳೇ ನಾಟಕದ ಮೇಷ್ಟ್ರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟೇ. "ಸೀನರಿ ಚನ್ನಪಟ್ಟಣದಿಂದ ಬತ್ತಿತ್ತು ಕಣವ್ವ. ಚೆಲುವಯ್ಯ ಅಂತ. ಈಗ ಬದುಕವ್ನೋ ಇಲ್ವೋ..."

ಆ ಹೆಸರು ಹಿಡಿದು, ಶನಿವಾರ ಶಾಲೆ ಮುಗಿಯುತ್ತಲೇ ಬಸ್ಸು ಹತ್ತಿ ಬಂದಿದ್ದಳು. ಒಂದು ಗಳಿಗೆ ತಡವಾಗಿದ್ದರೂ ಜಿಂಕೆ ಎರಡು ತುಂಡಾಗಿರುತ್ತಿತ್ತು.

*

ಕತ್ತರಿ ಹಿಡಿದಿದ್ದ ಯುವಕ ಚೆಲುವಯ್ಯನ ಮೊಮ್ಮಗ, ಮನೋಹರ್. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದ್ದು ತಾತ ಮತ್ತು ಅಜ್ಜಿ. ಒಂದು ಕಾಲಕ್ಕೆ ಪರದೆಗಳಿದ್ದ ಆ ಶೆಡ್ಡಿನಲ್ಲಿ ಈಗ ಅವನ ಮೈಕ್ ಸೆಟ್ಟು, ಲೈಟು, ದೊಡ್ಡ ಎಲ್‌ಇಡಿ ಪರದೆಗಳಿದ್ದವು. ನಾಟಕದವರು ಈಗ ಕಾಡು, ಅರಮನೆ ಎಲ್ಲವನ್ನೂ ಎಲ್‌ಇಡಿಯಲ್ಲೇ ಹಾಕಿಸುತ್ತಿದ್ದರು.

"ತಾತ ಇದ್ದಾರಾ?" ರಾಧಾಮಣಿ ಹೆದರುತ್ತಲೇ ಕೇಳಿದಳು.

"ಅವ್ರೆ. ಆದ್ರೆ..." ಮನೋಹರ್ ಧ್ವನಿ ತಗ್ಗಿಸಿದ. "ಲಕ್ವಾ ಹೊಡೀತು. ಬಲಗೈ ಬಿದ್ದೋಗೈತೆ. ಬರೆಯೋಕಾಗಲ್ಲ ಅಂತ ಗೊತ್ತಾದ್ಮೇಲೆ ಜಾಸ್ತಿ ಮಾತೂ ಆಡಲ್ಲ. ಇವನ್ನೆಲ್ಲ ಯಾರಿಗಾದ್ರೂ ಕೊಟ್ಬುಡು ಅಂದಿದ್ದೂ ಅವರೇ ಮೇಡಂ. ನಾನಾಗಿ ನಾನು ಕತ್ರಿ ಹಿಡೀಲಿಲ್ಲ."

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ತಾನು ಕೂಗಾಡಿದ್ದು ನೆನೆದು ಅವಳಿಗೆ ನಾಚಿಕೆಯಾಯಿತು.

ಶೆಡ್ಡಿನ ಹಿಂದೆಯೇ ಮನೆ. ಜಗುಲಿಯ ಮೇಲೆ ದಿಂಬಿಗೆ ಒರಗಿ ಚೆಲುವಯ್ಯ ಕೂತಿದ್ದರು. ಅಜ್ಜಿ ಮಾಯಮ್ಮ ಅವರೆಕಾಯಿ ಸುಲಿಯುತ್ತಿದ್ದರು.

"ಯಾರವ್ವ ನೀನು? ಬಾ, ಒಸಿ ಕುಂತ್ಕೊ. ಕಾಪಿ ಕುಡೀತೀಯಾ?"

ರಾಧಾಮಣಿ ಎಲ್ಲವನ್ನೂ ಹೇಳಿದಳು. ನಾಟಕ, ಕೊಳ, ಕೈಗೆ ಅಂಟಿದ ನೀಲಿ, ತೊಳೆಯಲು ಬಿಡದೆ ಮಲಗಿದ್ದು...

ಚೆಲುವಯ್ಯ ಕಣ್ಣು ಮಿಟುಕಿಸದೆ ಕೇಳಿದರು. ತುಟಿಯ ಒಂದು ಕೊನೆ ಅಲುಗಿತು. ಆಮೇಲೆ ಭುಜ ಕುಲುಕತೊಡಗಿತು. ಅವರು ನಗುತ್ತಿದ್ದರು!

"ಬಣ್ಣಕ್ಕೆ ಅಂಟು... ಕಮ್ಮಿ ಆಗೋಗಿತ್ತು," ಎಂದರು ತೊದಲುತ್ತ. "ಅದಕ್ಕೇ ಕೈಗ್ ಹತ್ತೈತೆ."

ಮಾಯಮ್ಮನ ಕೈಯಿಂದ ಅವರೆಕಾಯಿ ಜಾರಿ ಬಿತ್ತು. "ಲೇ ಮನು... ನಿಮ್ ತಾತ ನಗ್ತಾ ಅವ್ರೆ ಕಣ್ಲಾ!"

ಮನೋಹರ್ ಬಾಗಿಲಲ್ಲೇ ನಿಂತಿದ್ದ. ಅವನು ತಾತನನ್ನು ನೋಡಲಿಲ್ಲ. ರಾಧಾಮಣಿಯನ್ನು ನೋಡುತ್ತಿದ್ದ.

*

ಅಂದಿನಿಂದ ಪ್ರತಿ ಶನಿವಾರ, ಭಾನುವಾರ ಅವಳು ಚನ್ನಪಟ್ಟಣಕ್ಕೆ ಬರತೊಡಗಿದಳು. ಚೆಲುವಯ್ಯ ಜಗುಲಿಯಿಂದಲೇ ಹುಕುಂ ಮಾಡುತ್ತಿದ್ದರು. ಪುಡಿ ಬಣ್ಣವನ್ನು ಅಂಟಿನಲ್ಲಿ ಕಲಸುವುದು, ಇದ್ದಿಲಿನಿಂದ ಗೆರೆ ಎಳೆಯುವುದು, ದೂರದಿಂದ ನೋಡುವವನಿಗೆ ನೆರಳು ಕಾಣುವಂತೆ ಬಣ್ಣ ಹಾಕುವುದು... ಎಲ್ಲವನ್ನೂ ಕಲಿಸಿದರು. ತಪ್ಪಾದರೆ ಎಡಗೈಯಲ್ಲಿ ಊರುಗೋಲು ಎತ್ತಿ ನೆಲಕ್ಕೆ ಕುಟ್ಟುತ್ತಿದ್ದರು.

"ಏನವ್ವ ಅದು? ಕೊಂಬೆನಾ ಇಲ್ಲ ಚಕ್ಲಿನಾ?"

ಅವಳು ಬೈಸಿಕೊಂಡು ನಗುತ್ತಿದ್ದಳು. ಕಾಲೇಜಿನಲ್ಲಿ ಕಲಿತದ್ದು ವ್ಯರ್ಥವಾಗಿರಲಿಲ್ಲ. ಆದರೆ ಅಲ್ಲಿ ಕೈ ಕಲಿತಿತ್ತು. ಇಲ್ಲಿ ಎದೆ ಕಲಿಯುತ್ತಿತ್ತು.

ಮನೋಹರ್‌ಗೆ ಫಂಕ್ಷನ್ ಇಲ್ಲದ ದಿನ ಅವನೂ ಇರುತ್ತಿದ್ದ. ಪರದೆ ಬಿಚ್ಚಬೇಕಾದರೆ ಒಂದು ತುದಿ ಅವಳು, ಇನ್ನೊಂದು ತುದಿ ಅವನು. ಧೂಳೆದ್ದು ಇಬ್ಬರೂ ಒಟ್ಟಿಗೇ ಸೀನಿ, ಒಟ್ಟಿಗೇ ನಗುತ್ತಿದ್ದರು.

ಒಂದು ದಿನ ಅವಳು ಪರದೆಯ ನಾಲ್ಕೂ ಮೂಲೆ ಹುಡುಕಿದಳು.

"ತಾತನ ಹೆಸರು ಎಲ್ಲೂ ಇಲ್ವಲ್ಲ?"

"ಎಲ್ಲಿರ್ತೈತೆ?" ಮನೋಹರ್ ಕಹಿಯಾಗಿ ನಕ್ಕ. "ಮುಂದಿನ ಪರದೆ ಮ್ಯಾಲೆ ಕಾಣಿಕೆ ಕೊಟ್ಟೋರ ಹೆಸ್ರು. ನೋಟೀಸ್‌ನಲ್ಲಿ ರಾಜನ ಪಾರ್ಟ್ ಮಾಡೋನ ಹೆಸ್ರು. ಇಡೀ ಜಿಲ್ಲೆ ತಾತನ ಕಾಡು ನೋಡೈತೆ ಮೇಡಂ. ತಾತನ ಹೆಸ್ರು ಯಾವನಿಗೂ ಗೊತ್ತಿಲ್ಲ. ಚಿಕ್ಕೋನಿದ್ದಾಗ ನಾನೂ ಬರೀತಿದ್ದೆ. ಇದನ್ನ ನೋಡಿ ನೋಡಿ ಕೋಪ ಬಂದು ಬಿಟ್ಬುಟ್ಟೆ."

ಅವಳಿಗೆ ಅವನ ಅಂಗೈ ಮುಟ್ಟಬೇಕು ಅನಿಸಿತು. ಮುಟ್ಟಲಿಲ್ಲ.

ಇನ್ನೊಂದು ಸಂಜೆ ಚೆಲುವಯ್ಯ ಗದರಿದರು. "ಕಲ್ಲು ಬರೆಯೋಕ್ ಮುಂಚೆ ಕಲ್ಲು ನೋಡ್ಬೇಕು. ಲೇ ಮನು, ಕೂಟಗಲ್ ಕಡೆ ಕರ್ಕೊಂಡೋಗ್ಲಾ ಇವ್ಳ್ನ!"

ಬೈಕಿನಲ್ಲಿ ಹೋದರು. ಇಳಿಬಿಸಿಲಿಗೆ ಬಂಡೆಗಳು ಕೆಂಡದಂತೆ ಹೊಳೆಯುತ್ತಿದ್ದವು. ಅವಳು ಸ್ಕೆಚ್ ಪುಸ್ತಕ ತೆಗೆದು ಬಂಡೆ ಬರೆಯುತ್ತ ಕೂತಳು. ಅವನು ಎದುರಿಗಿನ ಕಲ್ಲಿನ ಮೇಲೆ ಕೂತು ಅವಳನ್ನೇ ನೋಡುತ್ತಿದ್ದ.

"ಏನ್ ನೋಡ್ತಿದ್ದೀರಾ?"

"ತಾತ ಕಲ್ಲು ನೋಡು ಅಂದಿದ್ದು ನಿಮ್ಗೆ," ಅವನು ಮುಖ ತಿರುಗಿಸಿದ. "ನಂಗೆ ಏನು ನೋಡ್ಬೇಕು ಅಂತ ಏನೂ ಹೇಳಿಲ್ವಲ್ಲ."

ಅವಳ ಪೆನ್ಸಿಲ್ ನಿಂತುಹೋಯಿತು. ಕೆನ್ನೆ ಬಿಸಿಯಾಯಿತು. ಆ ಗಳಿಗೆ ಇಬ್ಬರಲ್ಲಿ ಯಾರಾದರೂ ಒಂದು ಮಾತು ಆಡಿದ್ದರೆ... ಆಡಲಿಲ್ಲ. ಬಿಸಿಲು ಇಳಿಯಿತು, ಬೈಕು ಹತ್ತಿದರು.

*

ಮಳೆಗಾಲ ಅರ್ಧ ಕಳೆಯುವ ಹೊತ್ತಿಗೆ ರಾಧಾಮಣಿ ಒಂದು ದೊಡ್ಡ ಚಿತ್ರ ಬರೆದು ಮುಗಿಸಿದಳು. ಅದೇ ಕಾಡು, ಅದೇ ಕೊಳ, ಅದೇ ಜಿಂಕೆ. ಬರೆಯುವಾಗ ಅವಳು ಅಳುತ್ತಿದ್ದಳು, ಹಾಡುತ್ತಿದ್ದಳು. ಇಷ್ಟು ಖುಷಿಯಿಂದ ಅವಳು ಯಾವತ್ತೂ ಬರೆದಿರಲಿಲ್ಲ.

ಫೋಟೋ ತೆಗೆದು ಬೆಂಗಳೂರಿಗೆ ಕಳಿಸಿದಳು. ಹೊಸ ಕಲಾವಿದರ ಪ್ರದರ್ಶನವೊಂದಕ್ಕೆ ಅದು ಆಯ್ಕೆಯಾಯಿತು!

ಚಿತ್ರಕ್ಕೆ ಹೆಸರು ಕೇಳಿದರು. ಅವಳು ಹಿಂದೆ ಮುಂದೆ ಯೋಚಿಸದೆ 'ನನ್ನ ಕಾಡು' ಎಂದುಬಿಟ್ಟಳು. ಕೆಳಗೆ 'ಚನ್ನಪಟ್ಟಣದ ಚೆಲುವಯ್ಯನವರಿಂದ ಕಲಿತದ್ದು' ಎಂದು ಸೇರಿಸಲು ಹೇಳಿದ್ದಳು.

ಪ್ರದರ್ಶನ ಶುರುವಾಗುವ ಮುಂಚೆ, ಅವಳ ಚಿತ್ರವನ್ನೂ ಹಾಕಿದ್ದ ಆಮಂತ್ರಣ ಮೊಬೈಲಿಗೆ ಬಂತು. ನೋಡಿದವಳೇ ಕಣ್ಣರಳಿಸಿ, ಪೂರ್ತಿ ಓದುವ ವ್ಯವಧಾನವೂ ಇಲ್ಲದೆ ಮನೋಹರ್‌ಗೆ ಕಳಿಸಿದಳು. ಅವನೇ ಮೊದಲು ನೋಡಬೇಕು ಎಂಬ ಆಸೆ.

ಉತ್ತರ ಬರಲಿಲ್ಲ. ಸಂಜೆ ಅವನೇ ಬಂದ. ರಾಮನಗರದ ಅವಳ ಮನೆ ಬಾಗಿಲಲ್ಲಿ, ಬೈಕಿನಿಂದ ಇಳಿಯದೆ ನಿಂತ.

"ಕಂಗ್ರಾಟ್ಸ್ ಮೇಡಂ." ಧ್ವನಿ ಕಲ್ಲಾಗಿತ್ತು. "ನಿಮ್ಮ ಕಾಡು ಚೆನ್ನಾಗೈತೆ."

"ಮನೋಹರ್? ಏನಾಯ್ತು?"

"ಜಿಂಕೆ ತಾತಂದು. ಕೊಳ ತಾತಂದು. ಹೆಸ್ರು ನಿಮ್ದು! 'ನನ್ನ ಕಾಡು', ರಾಧಾಮಣಿ, ಅಷ್ಟೇ. ತಾತನ ಹೆಸ್ರು ಎಲ್ಲೈತೆ ತೋರ್ಸಿ."

ಅವಳು ಮೊಬೈಲ್ ತೆರೆದು ನೋಡಿದಳು. ಇರಲಿಲ್ಲ! ಅವಳು ಹೇಳಿದ್ದ ಆ ಸಾಲನ್ನು ಅವರು ಹಾಕಿರಲೇ ಇಲ್ಲ.

"ನಾನು ಹೇಳಿದ್ದೆ... ಕೆಳಗೆ ಹಾಕಿ ಅಂತ..."

"ನೀವಾದ್ರೂ ಬೇರೆ ಥರ ಅಂದ್ಕೊಂಡಿದ್ದೆ." ಅವನ ಕಣ್ಣು ಕೆಂಪಾಗಿತ್ತು. "ಹುಳದ ಮನೆಗೆ ಕೊಟ್ಟಿದ್ರೆ ಬಟ್ಟೆ ಮಾತ್ರ ಹೋಗ್ತಿತ್ತು. ಈಗ ತಾತನ ಕಾಡೇ ಹೋಯ್ತು."

ಬೈಕು ಹೊರಟುಹೋಯಿತು.

ಕೂಗಿ ನಿಲ್ಲಿಸಬಹುದಿತ್ತು. ಅವಳು ಕೂಗಲಿಲ್ಲ. ಯಾಕೆಂದರೆ ಅವನ ಒಂದು ಮಾತು ನಿಜವಾಗಿತ್ತು.

'ಜಿಂಕೆ ತಾತಂದು. ಕೊಳ ತಾತಂದು. ಹಾಗಾದರೆ ನಾನು ಮತ್ತೆ ಎಲ್ಲಿದ್ದೀನಿ? ಮೊದಲು ದೂರದವರದ್ದು ಕಾಪಿ ಮಾಡ್ತಿದ್ದೆ, ಈಗ ಹತ್ತಿರದವರದ್ದು. ಅಷ್ಟೇ ತಾನೇ?'

ಮರುದಿನವೇ ರೈಲು ಹತ್ತಿ ಬೆಂಗಳೂರಿಗೆ ಹೋದಳು. ಜಾಗ ಸಾಲಲಿಲ್ಲ ಎಂದು ಸಬೂಬು ಹೇಳಿದವರ ಜೊತೆ ಜಗಳವಾಡಿದಳು. "ಅವರ ಹೆಸರು ಇಲ್ಲದಿದ್ದರೆ ಚಿತ್ರವೂ ಇರಲ್ಲ," ಎಂದಳು. ಕೊನೆಗೆ ಅವರು ಚಿತ್ರದ ಪಕ್ಕದ ಚೀಟಿಯನ್ನು ಹೊಸದಾಗಿ ಮಾಡಿಸಿದರು. 'ಚೆಲುವಯ್ಯನವರ ಕಾಡು. ಅವರ ಶಿಷ್ಯೆ ರಾಧಾಮಣಿ ಬರೆದದ್ದು.'

ಇದನ್ನು ಅವಳು ಮನೋಹರ್‌ಗೆ ಹೇಳಲಿಲ್ಲ. ಹೇಳಿ ಏನು ಮಾಡುವುದು? ನಂಬಿಕೆ ಬೇಡಿ ಪಡೆಯುವುದಕ್ಕೆ ಆಗುತ್ತದೆಯೇ...

ಮನೆಗೆ ಬಂದು ಬ್ರಶ್ಶುಗಳನ್ನೆಲ್ಲ ತೊಳೆದು ಮೇಲಿಟ್ಟುಬಿಟ್ಟಳು.

*

ಚನ್ನಪಟ್ಟಣಕ್ಕೆ ಹೋಗುವುದು ನಿಂತಿತು. ಶನಿವಾರಗಳು ಉದ್ದವಾದವು. ಶಾಲೆಯಲ್ಲಿ ಮಕ್ಕಳು "ಮಿಸ್, ಜಿಂಕೆ ಬರ್ಕೊಡಿ" ಎಂದರೆ ಎದೆ ಚುರ್ ಎನ್ನುತ್ತಿತ್ತು.

ಒಂದು ದಿನ ಮಾಯಮ್ಮನ ಫೋನು.

"ಯಾಕವ್ವ ಬರ್ನೇ ಇಲ್ಲ? ನಿಮ್ ತಾತ ಬಾಗಿಲೇ ನೋಡ್ಕೊಂಡ್ ಕುಂತವ್ರೆ. ಆ ನನ್ನ ಮೊಮ್ಮಗನೂ ಮೂತಿ ಊದ್ಸ್ಕೊಂಡು ತಿರುಗ್ತಾನೆ. ಏನಾಗೈತೆ ನಿಮ್ಗೆ? ಇವತ್ತು ಅವ್ನು ಕನಕಪುರಕ್ಕೆ ಹೋಗವ್ನೆ ಫಂಕ್ಷನ್‌ಗೆ. ಬಾ, ಮುದ್ದೆ ಉಂಡ್ಕೊಂಡು ಹೋಗು."

ತಡೆಯಲಾರದೆ ಹೋದಳು. ಚೆಲುವಯ್ಯನ ಕಾಲ ಬಳಿ ಕೂತವಳೇ ಬಿಕ್ಕಿದಳು.

"ತಾತ, ನಾನು ನಿಮ್ಮ ಕಾಡು ಕದ್ದೆ. ಅದಕ್ಕೆ ನನ್ನ ಕಾಡು ಅಂತ ಹೆಸರಿಟ್ಟೆ. ಒಂದು ಮಾತು ನಿಮ್ಮನ್ನ ಕೇಳಬೇಕಿತ್ತು..."

ಚೆಲುವಯ್ಯ ಅವಳ ತಲೆಯ ಮೇಲೆ ಎಡಗೈ ಇಟ್ಟರು.

"ಕದಿಯೋಕೆ ಅದೇನ್ ನಂದೇ ಮಗಾ?"

ಅವಳು ಮುಖವೆತ್ತಿದಳು.

"ಜಿಂಕೆ ನಂಗೆ ಬಣ್ಣ ಕಲ್ಸಿದ ಮೇಷ್ಟ್ರುದು. ಗದಗದ ಕಡೆಯೋರು. ನಾಟಕದ ಕಂಪನಿ ಜೊತೆ ಬಂದು ಇಲ್ಲೇ ನಿಂತೋದ್ರು. ನಾನು ಅವ್ರ ಬಣ್ಣದ ಡಬ್ಬ ಹೊರ್ತಿದ್ದೆ. ಕೊಳನೂ ಅವ್ರುದೇ. ವರ್ಸಗಟ್ಲೆ ಅದನ್ನೇ ಬರ್ದೆ. ಅವ್ರ ಕಾಡಲ್ಲಿ ಹಿಂದೆ ಮಂಜಿನ ಬೆಟ್ಟ ಇರ್ತಿತ್ತು. ನಾನೂ ಅದನ್ನೇ ಬರೀತಿದ್ದೆ. ಮಂಜು ನೋಡಿದ್ನಾ ನಾನು? ಇಲ್ಲ!"

ಮಾತು ಆಯಾಸ ತರಿಸಿತು. ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು.

"ಆಮ್ಯಾಕೆ ಒಂದಿನ ಹೆಣ್ಣು ನೋಡೋಕೆ ಅಂತ ಕೂಟಗಲ್‌ಗೆ ಹೋದೆ. ಇವ್ಳ್ನ." ಊರುಗೋಲು ಮಾಯಮ್ಮನ ಕಡೆ ತಿರುಗಿತು. "ಒಪ್ಕೊಂಡ್ಳು. ವಾಪಸ್ ನಡ್ಕೊಂಡ್ ಬತ್ತಾ ಇದ್ರೆ, ಬಿಸ್ಲಿಗೆ ಆ ಕಲ್ಲುಗಳು... ಅಯ್ಯಪ್ಪಾ! ಹುಟ್ಟಿದಾಗ್ಲಿಂದ ನೋಡಿದ್ದೆ ಅವನ್ನ. ಅವತ್ತು ಕಂಡಂಗೆ ಯಾವತ್ತೂ ಕಂಡಿರ್ಲಿಲ್ಲ. ಬಂದೋನೇ ಮಂಜಿನ ಬೆಟ್ಟ ಅಳಿಸಾಕಿ ಕಲ್ಲು ಬರ್ದೆ. ಮೇಷ್ಟ್ರು ಬೈತಾರೆ ಅಂತ ನಡುಕ! ಅವ್ರು ನೋಡಿ, ಇದು ನಿಂದು ಅಂದ್ರು. ಅಷ್ಟೇ ಮಗಾ. ಅಷ್ಟರಲ್ಲಿ ಕಲ್ಲು ಮಾತ್ರ ನಂದು."

ಮಾಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. "ಇಷ್ಟ್ ವರ್ಸ ಆದ್ರೂ ನಂಗೊಂದ್ ಮಾತು ಹೇಳ್ನಿಲ್ಲ ಈ ಮನುಷ್ಯ!"

"ನೀ ಕೇಳ್ನಿಲ್ಲ."

ರಾಧಾಮಣಿ ಅಳುತ್ತಲೇ ನಕ್ಕಳು. "ಹಂಗಾದ್ರೆ ನಂದು ಯಾವುದು ತಾತ?"

"ನಂಗೇನ್ ಗೊತ್ತು? ನಂದು ನಾ ಹುಡುಕ್ಕೊಂಡೆ. ನೀ ಎಲ್ಲಿ ಸಂತೋಷವಾಗಿದ್ದೆ, ಅಲ್ಲೋಗಿ ನೋಡು. ಜಿಂಕೆ ಬೇಕಾದ್ರೆ ಇಟ್ಕೊ, ಬ್ಯಾಡದಿದ್ರೆ ಬುಡು. ಮೇಷ್ಟ್ರು ಕೋಪ ಮಾಡ್ಕೊಳಲ್ಲ."

ಹೊರಡುವಾಗ ಮಾಯಮ್ಮ ಇನ್ನೊಂದು ಸುದ್ದಿ ಹೇಳಿದರು. ಕೂಟಗಲ್‌ನಲ್ಲಿ ಅವರ ತಮ್ಮನ ಮಗಳು ಚಿನ್ನಮ್ಮ ಮತ್ತು ಅವಳ ಸಂಘದ ಹೆಂಗಸರು ಸೇರಿ ನಾಟಕ ಆಡುವವರಿದ್ದರಂತೆ. ಎಲ್ಲ ಪಾರ್ಟೂ ಹೆಂಗಸರದ್ದೇ! ಅವರಿಗೆ ಎಲ್‌ಇಡಿ ಬೇಡ, ಬರೆದ ಪರದೆಯೇ ಬೇಕಂತೆ.

"ನೀ ಬರ್ಕೊಡ್ತೀಯೇನವ್ವ?"

*

ದಸರಾ ರಜೆಗೆ ರಾಧಾಮಣಿ ಸಾತನೂರಿಗೆ ಹೋದಳು. ಬೆಳಿಗ್ಗೆ ಅವ್ವನ ಜೊತೆ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕೊಯ್ಯಲು ನಡೆದಳು. ಗಿಡಗಳು ಈಗ ಅವಳ ಹೆಗಲಿಗೆ ಬರುತ್ತಿದ್ದವು. ಸುಸ್ತಾಗಿ ಸಾಲಿನ ನಡುವೆ ನೆಲದ ಮೇಲೆ ಕೂತಳು.

ತಟ್ಟನೆ ಆಕಾಶ ಹಸಿರಾಯಿತು.

ಎಲೆಗಳ ಮೂಲಕ ಸೋಸಿ ಬರುವ ಬಿಸಿಲು... ಎಲೆಯ ಹಿಂದಿನ ನರ ನರವೂ ಬೆಳಗುತ್ತಿತ್ತು. ಚಿಕ್ಕವಳಿದ್ದಾಗ ಅವ್ವ ಸೊಪ್ಪು ಕೊಯ್ಯುವಾಗ ಅವಳನ್ನು ಇಲ್ಲೇ ಬಿಡುತ್ತಿದ್ದಳು. ಮಂಡಿಯೆತ್ತರದ ಹುಡುಗಿಗೆ ಇದೇ ಕಾಡು. ಇಲ್ಲೇ ಅವಳು ರಾಣಿ, ಇಲ್ಲೇ ಹುಲಿ, ಇಲ್ಲೇ ನಿದ್ದೆ. ಸಾಲಿನ ಕೊನೆಯಲ್ಲಿ ಅವ್ವನ ಕೆಂಪು ಸೀರೆ ಕಂಡರೆ ಸಾಕು, ಯಾವ ಭಯವೂ ಇರುತ್ತಿರಲಿಲ್ಲ.

"ಅವ್ವಾ!" ಅವಳು ಕೂಗಿದಳು.

"ಏನೇ? ಹಾವಾ?"

"ಅಲ್ಲ! ಹಂಗೇ ನಿಂತ್ಕೊ. ಅಲ್ಲೇ! ಅಲ್ಲಾಡಬೇಡ!"

ಸೊಪ್ಪಿನ ಹೊರೆ ಹೊತ್ತ ಅವ್ವ ಕಕ್ಕಾಬಿಕ್ಕಿಯಾಗಿ ನಿಂತಳು. ಮಗಳು ಅಳುತ್ತ, ನಗುತ್ತ, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು ಗೀಚುತ್ತಿದ್ದಳು.

"ಇವ್ಳಿಗೆ ಅದ್ಯಾವ ದೆವ್ವ ಹಿಡೀತೋ," ಎಂದು ಗೊಣಗುತ್ತಲೇ ಅವ್ವ ಅಲ್ಲಾಡದೆ ನಿಂತಳು.

*

ಕೂಟಗಲ್‌ನಲ್ಲಿ ನಾಟಕ ಭಾನುವಾರ ಬೆಳಿಗ್ಗೆ. ಶಾಲೆ ಮೈದಾನದಲ್ಲಿ ಶಾಮಿಯಾನ. ಮೈಕ್ ಸೆಟ್ಟು ತಂದವನು ಮನೋಹರ್. ಟೆಂಪೋದಲ್ಲಿ ತಾತನನ್ನೂ ಅಜ್ಜಿಯನ್ನೂ ಕರೆತಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿದ. ಸ್ಟೇಜಿನ ಪಕ್ಕ ನಿಂತಿದ್ದ ರಾಧಾಮಣಿಯನ್ನು ಕಂಡವನೇ ತಲೆ ತಗ್ಗಿಸಿ ವೈರು ಜೋಡಿಸಲು ಹೋದ.

'ಇನ್ನೂ ಕೋಪವಿದೆ,' ಅಂದುಕೊಂಡಳು.

ನಾಟಕ ಶುರುವಾಯಿತು. ಮೀಸೆ ಅಂಟಿಸಿಕೊಂಡ ಚಿನ್ನಮ್ಮ ರಾಜನಾಗಿ ಗುಡುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಕಾಡಿನ ಸೀನು.

ಪರದೆ ಇಳಿಯಿತು.

ಆನೆಯ ಕಿವಿಯಷ್ಟು ದೊಡ್ಡ ಎಲೆಗಳು. ಎಲೆಗಳೇ ಆಕಾಶ. ನರನರವಾಗಿ ಹಸಿರು ಬೆಳಕು ಹರಿದು ನೆಲಕ್ಕೆ ಬಿದ್ದಿತ್ತು. ಕೆಂಪು ಮಣ್ಣಿನ ಸಾಲು ದೂರ ದೂರ ಹೋಗಿ, ಕೊನೆಯಲ್ಲಿ ತಲೆಯ ಮೇಲೆ ಹೊರೆ ಹೊತ್ತ, ಕೆಂಪು ಸೀರೆಯ ಪುಟ್ಟ ಆಕೃತಿ. ಜಿಂಕೆ ಇರಲಿಲ್ಲ. ಕೊಳ ಇರಲಿಲ್ಲ.

ಜನ ಕತ್ತು ಚಾಚಿ ನೋಡಿದರು.

"ಅಯ್ಯೋ... ಇದು ನಮ್ ಸೊಪ್ಪಿನ ತ್ವಾಟ ಕಣೇ!" ಹಿಂದಿನಿಂದ ಯಾರೋ ಕೂಗಿದರು.

ನಗುವೆದ್ದಿತು, ಸಿಳ್ಳೆ ಎದ್ದಿತು. ಆದರೆ ಮುಂದೆ ಚಾಪೆಯ ಮೇಲಿದ್ದ ಒಬ್ಬ ಮುದುಕಿ ನಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, ಆ ಹೊರೆ ಹೊತ್ತ ಹೆಂಗಸನ್ನೇ ನೋಡುತ್ತಿದ್ದಳು. "ನಮ್ಮವ್ವ ಇಂಗೇ ಬತ್ತಿದ್ಲು," ಎಂದಳು ತನ್ನಷ್ಟಕ್ಕೇ.

ರಾಧಾಮಣಿ ಚೆಲುವಯ್ಯನ ಮುಖ ನೋಡಲು ಹೆದರಿ ಹೆದರಿ ಹತ್ತಿರ ಬಂದಳು. ಅವರು ಬಹಳ ಹೊತ್ತು ಪರದೆಯನ್ನೇ ನೋಡಿದರು.

"ನೆರಳು ನಾ ಹೇಳ್ಕೊಟ್ಟಂಗೇ ಹಾಕಿದೀಯ," ಎಂದರು. ಆಮೇಲೆ ಅವರ ಕಣ್ಣು ತುಂಬಿತು. "ಮಿಕ್ಕಿದ್ದು ನಿಂದು ಮಗಾ."

ಅವಳು ಅವರ ಬಿದ್ದುಹೋದ ಬಲಗೈಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

*

ನಾಟಕ ಮುಗಿದು ಜನ ಊಟಕ್ಕೆ ಹೊರಟಾಗ, ಮನೋಹರ್ ಸ್ಟೇಜಿನ ಹಿಂದೆ ವೈರು ಸುತ್ತುತ್ತಿದ್ದ. ರಾಧಾಮಣಿ ಪರದೆ ಬಿಚ್ಚಲು ಬಂದಳು. ಒಂದು ತುದಿ ಹಿಡಿದಳು. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ.

ಅವನು ವೈರು ಕೆಳಗಿಟ್ಟು ಬಂದು ಹಿಡಿದ.

"ನಾನು ಬೆಂಗಳೂರಿಗೆ ಹೋಗಿದ್ದೆ," ಎಂದ. "ಪ್ರದರ್ಶನದ ಕೊನೇ ದಿನ."

ಅವಳ ಕೈ ನಿಂತಿತು.

"ಜಗಳಕ್ಕೆ ಅಂತಾನೇ ಹೋಗಿದ್ದೆ. ಚೀಟಿ ನೋಡ್ದೆ. ಅಲ್ಲಿದ್ದೋರು ಹೇಳಿದ್ರು, ಆ ಹುಡುಗಿ ಬಂದು ಗಲಾಟೆ ಮಾಡಿ ಹಾಕಿಸಿದ್ದು ಅಂತ." ಅವನು ಪರದೆಯನ್ನು ಒಂದು ಸುತ್ತು ಸುತ್ತಿದ. "ಆಮೇಲೆ ಒಂದು ಮೂಲೇಲಿ ನಿಂತ್ಕೊಂಡೆ. ಯಾರ್‍ಯಾರೋ ಬರ್ತಿದ್ರು. ತಾತನ ಕಾಡಿನ ಮುಂದೆ ನಿಂತ್ಕೊಳೋರು. ತಾತನ ಹೆಸ್ರು ಓದೋರು... ಜೋರಾಗಿ. ಅದನ್ನ ಕೇಳಿಸ್ಕೊತಾ ಬಾಗ್ಲು ಹಾಕೋವರ್ಗೂ ನಿಂತಿದ್ದೆ."

"ಮತ್ತೆ... ನನಗೆ ಯಾಕೆ ಹೇಳಲಿಲ್ಲ?"

"ಯಾವ ಮುಖ ಇಟ್ಕೊಂಡು ಹೇಳ್ಲಿ? ಅಷ್ಟು ಅಂದ್ಬುಟ್ಟು... ನೀವೂ ಒಂದ್ ಮಾತು ವಾಪಸ್ ಆಡ್ಲಿಲ್ಲ. ಯಾಕೆ?"

"ಅರ್ಧ ನಿಜ ಇತ್ತು. ಅದಕ್ಕೆ."

"ಇರ್ಲಿಲ್ಲ!"

"ಇತ್ತು ಮನೋಹರ್. ನೀವು ಹಾಗೆ ಕೇಳದಿದ್ದರೆ ನಾನು ಈ ಪರದೆ ಬರೀತಾನೇ ಇರಲಿಲ್ಲ."

ಇಬ್ಬರೂ ಪರದೆ ಸುತ್ತುತ್ತ ಸುತ್ತುತ್ತ ಹತ್ತಿರ ಬಂದಿದ್ದರು. ಈಗ ನಡುವೆ ಸುತ್ತಿದ ಬಟ್ಟೆಯಷ್ಟೇ ಅಡ್ಡ.

"ಕ್ಷಮಿಸ್ತೀರಾ?" ಅವನು ಕೇಳಿದ.

"ಕ್ಷಮಿಸಿದೆ. ಆದರೆ ಒಂದು ಷರತ್ತು. ಮತ್ತೆ ಬರೀಬೇಕು ನೀವು. ಶನಿವಾರ ತಾತನ ಹತ್ತಿರ ನನ್ನ ಜೊತೆ ಬೈಸ್ಕೋಬೇಕು."

ಅವನು ನಕ್ಕ. ನಗು ನಿಧಾನಕ್ಕೆ ಇಳಿಯಿತು. ಕಣ್ಣು ಮಾತ್ರ ಅವಳಲ್ಲೇ ನಿಂತಿತು.

"ಅವತ್ತು ಬಂಡೆ ಹತ್ರ ಹೇಳ್ಬೇಕು ಅಂದ್ಕೊಂಡಿದ್ದೆ. ನಂಗೆ ನೀವು ಬೇಕು ರಾಧಾಮಣಿ. ತಾತ ನಗ್ತಾರೆ ಅಂತಲ್ಲ, ಸೀನರಿ ಉಳೀತು ಅಂತಲ್ಲ. ನಂಗೆ... ನಂಗೋಸ್ಕರ ಬೇಕು."

ಅವಳು ಎಷ್ಟು ಶನಿವಾರಗಳಿಂದ ಕಾದಿದ್ದ ಮಾತು!

"ಮೊದಲು ಈ 'ನೀವು' ಅನ್ನೋದು ಬಿಡಿ."

"ಬಿಟ್ಟೆ. ನೀನು ಬೇಕು."

"ನಂಗೂ..." ಅವಳು ತಲೆ ತಗ್ಗಿಸಿದಳು. "ನಂಗೂ ನೀನೇ ಬೇಕು."

ಅತ್ತ ಊಟದ ಸಾಲಿನಿಂದ ಮಾಯಮ್ಮ ಕೂಗುತ್ತಿದ್ದರು. "ಲೇ ಮನು, ಬನ್ರೋ, ಮುದ್ದೆ ತಣ್ಣಗಾಯ್ತದೆ!" ಇಬ್ಬರೂ ಅಲ್ಲಾಡಲಿಲ್ಲ.

"ಸಾತನೂರಿಗೆ ಬಂದು ನಿಮ್ಮಪ್ಪನ್ನ ಕೇಳ್ತೀನಿ," ಅವನು ಪಿಸುಗುಟ್ಟಿದ. "ಏನಂತಾರೆ?"

"ಹುಡುಗ ಏನ್ ಮಾಡ್ತಾನೆ ಅಂತಾರೆ."

"ಮೈಕ್ ಕಟ್ತಾನೆ ಅನ್ನು."

"ನಮ್ಮ ಮದುವೆಗೂ ನೀನೇ ಕಟ್ತೀಯಾ?"

"ಮದುಮಗನೇ ಮೈಕ್ ಕಟ್ತಾ ನಿಂತ್ರೆ ಜನ ನಗಲ್ವಾ?"

ರಾಧಾಮಣಿ ಪರದೆಯ ಮೇಲಿಂದ ಕೈ ಚಾಚಿ, ಮೊದಲ ಬಾರಿಗೆ ಅವನ ಬೆರಳುಗಳನ್ನು ಹಿಡಿದುಕೊಂಡಳು.

"ನಗ್ಲಿ ಬುಡು."